ಯಾಕುಟ್ಸ್ಕ್ ಊರಿನವರಿಗೆ ಬಿಸಿಯದೇ ಭಯ

ಮನೆಯ ಫ್ರಿಜ್ಜಿನಲ್ಲಿರುವ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿಯಲ್ಲಿರುತ್ತದೆ. ಅಲ್ಲಿಂದ ಇನ್ನೂ 20 ಡಿಗ್ರಿ ಕೆಳಗಿಳಿಯಿರಿ. ರಷ್ಯಾದ ಸೈಬೀರಿಯಾದಲ್ಲಿರುವ ಯಾಕುಟ್ಸ್ಕ್ ನಗರದಲ್ಲಿ ಜನವರಿ ತಿಂಗಳ ಮಾಮೂಲಿ ದಿನ ಅಂದರೆ ಅದು. ಥರ್ಮಾಮೀಟರಿನ ಪಾದರಸವೇ ಮೈನಸ್ 39ರ ಹತ್ತಿರ ಗಟ್ಟಿಯಾಗಿಬಿಡುತ್ತದೆ, ಹಾಗಾಗಿ ಅಲ್ಲಿ ಚಳಿ ಅಳೆಯಲು ಆಲ್ಕೋಹಾಲ್ ತುಂಬಿದ ಥರ್ಮಾಮೀಟರ್ ಬೇಕು. 1891ರ ಫೆಬ್ರವರಿಯಲ್ಲಿ ಮೈನಸ್ 64.4 ದಾಖಲಾಗಿತ್ತು. ಅದೆಲ್ಲ ಹಳೆಯ ಕಾಲದ್ದು ಅನ್ನುವ ಹಾಗೂ ಇಲ್ಲ, 2023ರ ಜನವರಿಯಲ್ಲಿ ಮೈನಸ್ 62.7ಕ್ಕೆ ಇಳಿದಿತ್ತು.

ಇದು ಸಂಶೋಧಕರು ನಾಲ್ಕು ದಿನ ಇದ್ದು ಹೋಗುವ ಶಿಬಿರ ಅಲ್ಲ. 3 ಲಕ್ಷಕ್ಕೂ ಜಾಸ್ತಿ ಜನ ಇರುವ, ರಷ್ಯಾದೊಳಗಿನ ಸಾಖಾ ಗಣರಾಜ್ಯದ ರಾಜಧಾನಿ. ಸರಕಾರಿ ಕಚೇರಿಗಳು, ವಿಶ್ವವಿದ್ಯಾಲಯ, ಮೀನಿನ ಮಾರುಕಟ್ಟೆ, ಸಂಜೆಯ ಟ್ರಾಫಿಕ್ ಜಾಮ್, ಎಲ್ಲ ಇದೆ. 1632ರಲ್ಲಿ ಲೇನಾ ನದಿಯ ದಡದಲ್ಲಿ ಕೊಸಾಕರು ಎಂಬ ರಷ್ಯಾದ ಸೈನಿಕರು ಹಾಕಿದ ಮರದ ಕೋಟೆಯಿಂದ ಊರು ಬೆಳೆಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಸಾಖಾ ಜನ ಅಲ್ಲಿ ದನ, ಕುದುರೆ ಸಾಕಿಕೊಂಡು ಬದುಕುತ್ತಿದ್ದರು.

ಈ ಊರಿನ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕುದಿಯುವ ನೀರನ್ನು ಗಾಳಿಗೆ ಎರಚಿದರೆ ಮೋಡವಾಗಿ ಹಾರಿಹೋಗುತ್ತದೆ, ರೆಪ್ಪೆಯ ಮೇಲೆಲ್ಲ ಹಿಮ ಕೂತಿರುತ್ತದೆ. ನೋಡಲು ಚೆಂದ, ಆದರೆ ಅಷ್ಟಕ್ಕೇ ನಿಂತರೆ ಅಲ್ಲಿಯ ಬದುಕು ಅರ್ಥವಾಗುವುದಿಲ್ಲ. ಅಲ್ಲಿ ಚಳಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ತಯಾರಾಗಿಯೇ ಇರುತ್ತಾರೆ. ತಲೆನೋವೆಲ್ಲ ಮನುಷ್ಯ ತಾನೇ ಹೊರಗೆ ಬಿಡುವ ಬಿಸಿಯದು, ಹಬೆಯದು.

ಮೊದಲು, ಅಲ್ಲಿ ಇಷ್ಟೊಂದು ಚಳಿ ಯಾಕೆ ಅನ್ನುವುದು. ಬರೀ ಉತ್ತರದಲ್ಲಿದೆ ಅನ್ನುವುದು ಸಾಲದು. ಯಾಕುಟ್ಸ್ಕ್ ಇರುವುದು 62ನೇ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ. ಹೆಚ್ಚುಕಡಿಮೆ ಅಷ್ಟೇ ಉತ್ತರದಲ್ಲಿರುವ ನಾರ್ವೆಯ ಬರ್ಗೆನ್ ಬಂದರಿನಲ್ಲಿ ಜನವರಿಯ ಸರಾಸರಿ ಶೂನ್ಯಕ್ಕಿಂತ ಮೇಲೇ ಇರುತ್ತದೆ. ವ್ಯತ್ಯಾಸ ಸಮುದ್ರದ್ದು. ಬೇಸಿಗೆಯಲ್ಲಿ ಹೀರಿಕೊಂಡ ಬಿಸಿಯನ್ನು ಸಮುದ್ರ ಚಳಿಗಾಲವಿಡೀ ನಿಧಾನಕ್ಕೆ ಬಿಡುತ್ತಿರುತ್ತದೆ. ಉತ್ತರ ಧ್ರುವದಲ್ಲೂ ಐಸಿನ ಕೆಳಗೆ ಸಮುದ್ರ ಇರುವುದರಿಂದಲೇ ಅಲ್ಲಿಯ ಚಳಿಗಾಲದ ಸರಾಸರಿ ಯಾಕುಟ್ಸ್ಕ್‌ನಷ್ಟು ಕೆಳಗೆ ಇಳಿಯುವುದಿಲ್ಲ! ಯಾಕುಟ್ಸ್ಕ್‌ಗೆ ಆ ಭಾಗ್ಯ ಇಲ್ಲ, ಸುತ್ತ ನೂರಾರು ಕಿಲೋಮೀಟರ್ ಬರೀ ನೆಲ, ಪೂರ್ವಕ್ಕೆ ಬೆಟ್ಟಸಾಲು. ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು ಐದು ಗಂಟೆಯಷ್ಟೇ. ಆಕಾಶ ಸ್ವಚ್ಛ, ಮೋಡದ ಹೊದಿಕೆ ಇಲ್ಲ. ಹಾಗಾಗಿ ಹಿಮ ಮುಚ್ಚಿದ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಕಳೆದುಕೊಳ್ಳುತ್ತಾ ಹೋಗುತ್ತದೆ. ತಣ್ಣಗಾದ ಗಾಳಿ ಭಾರ, ಅದು ನದಿಯ ಕಣಿವೆಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಬೀಸುವ ಗಾಳಿ ತುಂಬಾ ಕಡಿಮೆ. ಇದೊಂದು ಪುಣ್ಯ ಅನ್ನಬೇಕು, ಮೈನಸ್ 45ರಲ್ಲಿ ಜೋರಾಗಿ ಗಾಳಿಯೂ ಬೀಸಿದರೆ ಮುಖದ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ.

ಇನ್ನು ನೆಲದ ವಿಷಯ. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾಗುವ ಕಥೆ ಒಂದು ಬಾವಿಯದು. 1828ರಲ್ಲಿ ಫ್ಯೋದರ್ ಶೆರ್ಗಿನ್ ಅನ್ನುವ ವ್ಯಾಪಾರಿ ಕುಡಿಯುವ ನೀರಿಗಾಗಿ ಬಾವಿ ತೋಡಿಸಲು ಶುರುಮಾಡಿದ. ಹತ್ತು ಮೀಟರ್ ಹೋದರೂ ಮಣ್ಣು ಐಸಿನಂತೆ ಗಟ್ಟಿ, ಮೂವತ್ತು ಮೀಟರ್ ಹೋದರೂ ಅಷ್ಟೇ. ಯಾರೇ ಆದರೂ ಸಾಕಪ್ಪಾ ಅಂತ ಬಿಡುತ್ತಿದ್ದರು. ಈತ 1837ರವರೆಗೆ ತೋಡಿಸಿದ, 116 ಮೀಟರ್ ಆಳ ಮುಟ್ಟಿದ, ಒಂದು ಹನಿ ನೀರು ಬರಲಿಲ್ಲ. ಬಾವಿಯಾಗಿ ನೋಡಿದರೆ ಪೂರ್ತಿ ದಂಡ. ಆದರೆ ಕೆಲವು ವರ್ಷಗಳ ನಂತರ ಅಲೆಕ್ಸಾಂಡರ್ ಫಾನ್ ಮಿಡೆಂಡಾರ್ಫ್ ಎಂಬ ವಿಜ್ಞಾನಿ ಬಂದು, ಇದೇ ಬಾವಿಯೊಳಗೆ ಬೇರೆ ಬೇರೆ ಆಳದಲ್ಲಿ ಉಷ್ಣತೆ ಅಳೆಸಿದ. ಕೆಳಗೆ ಹೋದಂತೆ ಚಳಿ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿತ್ತು. ಅಂದರೆ ಹೆಪ್ಪುಗಟ್ಟಿದ ನೆಲ 116 ಮೀಟರ್‌ಗೂ ಮುಗಿಯುವುದಿಲ್ಲ, ಅದರ ತಳ ಇನ್ನೂ ಕೆಳಗೆಲ್ಲೋ ಇದೆ. ವರ್ಷವಿಡೀ ಕರಗದೆ ಉಳಿಯುವ ಈ ನೆಲಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ, ಅದರ ಕುರಿತ ವಿಜ್ಞಾನಕ್ಕೆ ಆ ಬಾವಿಯ ಅಳತೆಗಳು ಗಟ್ಟಿ ಆರಂಭ ಕೊಟ್ಟವು. ಈಗ ಯಾಕುಟ್ಸ್ಕ್‌ನಲ್ಲಿ ಅದನ್ನೇ ಓದುವ ಒಂದು ದೊಡ್ಡ ಸಂಸ್ಥೆ ಇದೆ, ಮೆಲ್ನಿಕೋವ್ ಪರ್ಮಾಫ್ರಾಸ್ಟ್ ಸಂಸ್ಥೆ ಅಂತ.

ಹೆಪ್ಪುಗಟ್ಟಿದ ಮಣ್ಣು ಕಾಂಕ್ರೀಟಿನಷ್ಟು ಗಟ್ಟಿ. ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು, ಒಂದೇ ಷರತ್ತು, ಅದು ಹೆಪ್ಪುಗಟ್ಟಿಯೇ ಇರಬೇಕು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಹೇಗೂ ಕರಗಿ ಕೆಸರಾಗುತ್ತದೆ. ಇಂಥ ನೆಲದ ಮೇಲೆ ಮನೆ ಕಟ್ಟಿ, ಒಳಗೆ ಹೀಟರ್ ಹಾಕಿ 22 ಡಿಗ್ರಿಯಲ್ಲಿ ಬೆಚ್ಚಗೆ ಕೂತರೆ ಏನಾಗುತ್ತದೆ? ಆ ಬಿಸಿ ಕೆಳಗಿಳಿಯುತ್ತದೆ. ಒಳಗಿನ ಐಸ್ ಕರಗಿದಾಗ ಮಣ್ಣು ಕುಸಿಯುತ್ತದೆ, ಅದೂ ಒಂದು ಮೂಲೆಯಲ್ಲಿ ಜಾಸ್ತಿ ಒಂದು ಮೂಲೆಯಲ್ಲಿ ಕಡಿಮೆ. ಹಳೆಯ ಮರದ ಮನೆಗಳು ಕಿಟಕಿಯವರೆಗೆ ನೆಲದಲ್ಲಿ ಹೂತು, ವಾರೆಯಾಗಿ ನಿಂತಿರುವುದು ಹೀಗೆ. ಮನೆಯನ್ನು ಬೀಳಿಸಿದ್ದು ಮನೆಯವರೇ ಹಚ್ಚಿದ ಒಲೆ.

ಅದಕ್ಕೇ ಈಗಿನ ಕಟ್ಟಡಗಳೆಲ್ಲ ಕಂಬಗಳ ಮೇಲೆ ನಿಲ್ಲುತ್ತವೆ. ನೆಲದಲ್ಲಿ ಆಳವಾಗಿ ಕೊರೆದು, ಕಾಂಕ್ರೀಟ್ ಕಂಬ ಇಳಿಸಿ, ಸುತ್ತ ಕೆಸರು ತುಂಬಿ, ಅದು ಹೆಪ್ಪುಗಟ್ಟುವವರೆಗೆ ಕಾಯುತ್ತಾರೆ. ಕಂಬವನ್ನು ಹಿಡಿದಿರುವುದು ಆ ಐಸಿನ ಬಿಗಿತವೇ. ಕಟ್ಟಡದ ತಳಕ್ಕೂ ನೆಲಕ್ಕೂ ನಡುವೆ ಖಾಲಿ ಜಾಗ ಬಿಡುತ್ತಾರೆ, ಮನೆಯಿಂದ ಸೋರುವ ಬಿಸಿಯನ್ನು ಅಲ್ಲಿ ಓಡಾಡುವ ಮೈನಸ್ 40ರ ಗಾಳಿ ಎತ್ತಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಅದೇ ಜಾಗಕ್ಕೆ ನೆರಳು. ಅಲ್ಲಿ ಗೋಡೆ ಎಬ್ಬಿಸಿ ಸಾಮಾನು ತುಂಬೋಣ ಅಂತ ಯಾರಾದರೂ ಹೊರಟರೆ ಇಡೀ ಕಟ್ಟಡಕ್ಕೇ ಕುತ್ತು.

ನೀರಿನ ಪೈಪು, ಬಿಸಿನೀರಿನ ಪೈಪುಗಳನ್ನೂ ಹೂಳುವುದು ಕಷ್ಟ. ಬಿಸಿ ಪೈಪು ನೆಲವನ್ನು ಕರಗಿಸುತ್ತದೆ, ತಣ್ಣೀರಿನ ಪೈಪು ತಾನೇ ಹೆಪ್ಪುಗಟ್ಟಿ ಒಡೆಯುತ್ತದೆ. ಹಾಗಾಗಿ ದಪ್ಪ ಹೊದಿಕೆ ಸುತ್ತಿದ ಪೈಪುಗಳು ಊರ ತುಂಬ ನೆಲದ ಮೇಲೇ ಓಡುತ್ತವೆ, ರಸ್ತೆ ಬಂದಲ್ಲಿ ಕಮಾನಿನಂತೆ ಮೇಲೆದ್ದು ದಾಟುತ್ತವೆ. ನೋಡಲು ಅಂದವೇನಿಲ್ಲ ಬಿಡಿ.

ನೆಲ ಕರಗದಂತೆ ಇಡಲು ಇನ್ನೊಂದು ಉಪಾಯ ಥರ್ಮೋಸೈಫನ್. ಅದರ ಸರಳತೆ ನೋಡಿದರೆ ಖುಷಿಯಾಗುತ್ತದೆ. ಒಂದು ಮುಚ್ಚಿದ ಪೈಪು, ಅರ್ಧ ನೆಲದೊಳಗೆ, ಅರ್ಧ ಹೊರಗೆ. ಒಳಗೆ ಬೇಗ ಆವಿಯಾಗುವ ದ್ರವ. ಚಳಿಗಾಲದಲ್ಲಿ ಹೊರಗಿನ ಗಾಳಿಗಿಂತ ನೆಲವೇ ಬೆಚ್ಚಗಿರುತ್ತದೆ ಅಲ್ವಾ, ಆ ಬಿಸಿಗೆ ಕೆಳಗಿನ ದ್ರವ ಆವಿಯಾಗಿ ಮೇಲೆ ಬರುತ್ತದೆ, ಮೇಲಿನ ಚಳಿಗೆ ಮತ್ತೆ ದ್ರವವಾಗಿ ಕೆಳಗಿಳಿಯುತ್ತದೆ. ಒಂದೊಂದು ಸುತ್ತಿಗೂ ನೆಲದ ಸ್ವಲ್ಪ ಬಿಸಿ ಆಕಾಶಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಮೇಲ್ಭಾಗವೇ ಬಿಸಿ, ಆವಿ ದ್ರವವಾಗುವುದಿಲ್ಲ, ಯಂತ್ರ ತಾನಾಗಿ ನಿಂತುಬಿಡುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ, ಸ್ವಿಚ್ಚೂ ಇಲ್ಲ. ಅಲಾಸ್ಕಾದ ಉದ್ದನೆಯ ತೈಲ ಪೈಪ್‌ಲೈನಿನ ಕಂಬಗಳಲ್ಲಿ ಇದೇ ಬಗೆಯ ಪೈಪುಗಳು ಲಕ್ಷಕ್ಕೂ ಮೇಲಿವೆ.

ಬಿಸಿಯ ಜೊತೆಗೆ ಹಬೆಯ ಕಾಟ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಮೈನಸ್ 40ರಲ್ಲಿ 0.2 ಗ್ರಾಂ ಕೂಡ ಆಗುವುದಿಲ್ಲ. ಅಂದರೆ ಹೊರಗೆ ಬಿಟ್ಟ ಹಬೆಗೆ ಹೋಗಲು ಜಾಗವೇ ಇಲ್ಲ, ಬಿಟ್ಟ ಕೂಡಲೇ ಸಣ್ಣ ಸಣ್ಣ ಐಸ್ ಹರಳುಗಳಾಗಿ ತೇಲುತ್ತದೆ. ಈಗ ಒಂದು ಲೆಕ್ಕ ನೋಡಿ, ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ. ಊರಿನ ಕಾರುಗಳು, ಗ್ಯಾಸಿನಿಂದ ನಡೆಯುವ ಬಾಯ್ಲರುಗಳು, ಲಕ್ಷಾಂತರ ಜನರ ಉಸಿರು, ಎಲ್ಲ ಸೇರಿದರೆ ಎಷ್ಟು ನೀರಾಗಬಹುದು! ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ ಮುಚ್ಚಳ ಹಾಕಿದಂತೆ ಕೂತಿರುತ್ತದೆ, ಗಾಳಿ ಬೀಸಿ ಚದುರಿಸುವುದೂ ಇಲ್ಲ. ಹಾಗಾಗಿ ಚಳಿ ಜಾಸ್ತಿಯಾದಷ್ಟೂ ಮಂಜು ದಟ್ಟವಾಗುತ್ತದೆ, ಹೊಗೆಯೂ ಅದರಲ್ಲೇ ಸೇರಿಕೊಳ್ಳುತ್ತದೆ, ನಾಲ್ಕು ಮಾರು ದೂರದ ಬಸ್ಸು ಕಾಣುವುದಿಲ್ಲ. ಊರು ದಾಟಿ ಹೊರಗೆ ಬಂದರೆ ಆಕಾಶ ನಿಚ್ಚಳವಾಗಿರುತ್ತದೆ.

ಕಾರಿನವರದು ಬೇರೆಯೇ ಪಾಡು. ಎಂಜಿನ್ ಆಯಿಲ್ ಜೇನಿಗಿಂತ ಗಟ್ಟಿಯಾಗುತ್ತದೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಡೀಸೆಲ್ಲಿನಲ್ಲಿ ಮೇಣ ಕಟ್ಟುತ್ತದೆ. ಬಿಸಿ ಗ್ಯಾರೇಜು ಇದ್ದವರು ಬಚಾವ್. ಇಲ್ಲದವರು ಅಂಗಡಿಗೆ ಹೋಗುವಾಗ ಎಂಜಿನ್ ಬಂದ್ ಮಾಡುವುದೇ ಇಲ್ಲ, ಅಥವಾ ಆಗಾಗ ತಾನಾಗಿ ಸ್ಟಾರ್ಟ್ ಆಗುವ ವ್ಯವಸ್ಥೆ ಹಾಕಿಸುತ್ತಾರೆ, ಇಡೀ ಕಾರಿಗೆ ದಪ್ಪನೆಯ ಕೌದಿಯಂಥ ಹೊದಿಕೆ ಹೊದಿಸುತ್ತಾರೆ. ಕಿಟಕಿಯ ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸುತ್ತಾರೆ, ಇಲ್ಲದಿದ್ದರೆ ಒಳಗೆ ಕೂತವರ ಉಸಿರೇ ಗಾಜಿನ ಮೇಲೆ ಹಿಮವಾಗಿ ಹೊರಗಿನದ್ದೇನೂ ಕಾಣುವುದಿಲ್ಲ. ಹೀಗೆ ಓಡುತ್ತಲೇ ಇರುವ ಎಂಜಿನ್ನುಗಳಿಂದ ಮಂಜು ಇನ್ನಷ್ಟು ದಟ್ಟವಾಗುತ್ತದೆ. ಬೇರೆ ದಾರಿಯೂ ಇಲ್ಲ.

ಒಂದು ತಮಾಷೆ ಏನೆಂದರೆ, ಅಷ್ಟು ಚಳಿಯಲ್ಲಿ ರಸ್ತೆ ಅಷ್ಟಾಗಿ ಜಾರುವುದಿಲ್ಲ. ಐಸ್ ಜಾರುವುದಕ್ಕೆ ಅದರ ಮೇಲ್ಮೈಯಲ್ಲಿ ಅರೆ ದ್ರವದಂಥ ತೆಳು ಪದರ ಬೇಕು. ಶೂನ್ಯದ ಆಸುಪಾಸಿನಲ್ಲಿ ಅದು ಧಾರಾಳವಾಗಿರುತ್ತದೆ, ಮೈನಸ್ 40ರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಿಮದ ಮೇಲೆ ನಡೆದರೆ ಒಣ ಮರಳಿನ ಮೇಲೆ ನಡೆದಷ್ಟೇ ಹಿಡಿತ ಸಿಗುತ್ತದೆ. ಕಾಲು ಜಾರುವ ಕಾಲ ಅಂದರೆ ಚಳಿ ಕಡಿಮೆಯಾಗುವ ವಸಂತ.

ಮೈಗೂ ತಾನೇ ಬಿಡುವ ಬಿಸಿ, ಹಬೆಯದೇ ಕಾಟ. ಹೊರಗೆ ಹೊರಟವರು ಪದರ ಪದರವಾಗಿ ಬಟ್ಟೆ ಹಾಕುತ್ತಾರೆ, ಆದರೆ ಬೆವರದಂತೆ ನೋಡಿಕೊಳ್ಳುತ್ತಾರೆ. ಬಟ್ಟೆ ಬೆಚ್ಚಗಿಡುವುದು ತನ್ನೊಳಗೆ ನಿಂತ ಗಾಳಿಯಿಂದ, ಆ ಜಾಗಕ್ಕೆ ಬೆವರು ಸೇರಿದರೆ ಎಷ್ಟು ದಪ್ಪ ಕೋಟಿದ್ದರೂ ದಂಡ. ಕಾಲಿಗೆ ಹಿಮಸಾರಂಗದ ಕಾಲಿನ ಚರ್ಮದಿಂದ ಹೊಲಿದ ಬೂಟು, ಅದಕ್ಕೆ ಉಂಟಿ ಅನ್ನುತ್ತಾರೆ. ಆ ಪ್ರಾಣಿಯ ಕೂದಲಿನ ಒಳಗೇ ಗಾಳಿ ತುಂಬಿದ ಪೊಳ್ಳುಗಳಿವೆ. ಮಾಮೂಲಿ ಬೂಟಿನ ಅಟ್ಟೆ ಅಲ್ಲಿ ಮರಗಟ್ಟಿ ಬಿರುಕು ಬಿಡುತ್ತದೆ. ಲೋಹದ ಫ್ರೇಮಿನ ಕನ್ನಡಕ ಕೆನ್ನೆಗೆ ಅಂಟಿಕೊಳ್ಳುತ್ತದೆ. ಮನೆಯೊಳಗೆ ಬರಲು ಒಂದರ ಹಿಂದೊಂದು ಎರಡು ಮೂರು ಬಾಗಿಲು ದಾಟಬೇಕು. ಚಳಿ ಮೈನಸ್ 45ಕ್ಕಿಳಿದರೆ ಪುಟ್ಟ ಮಕ್ಕಳಿಗೆ ಶಾಲೆ ರಜೆ, ದೊಡ್ಡ ತರಗತಿಯವರು ಇನ್ನೂ ಕೆಳಗಿಳಿಯಲಿ ಅಂತ ಕಾಯಬೇಕು.

ಚಳಿ ಅಲ್ಲಿ ದುಡಿಯುತ್ತದೆ ಕೂಡ. ನಲ್ಲಿ ಇಲ್ಲದ ಹಳ್ಳಿಗಳಲ್ಲಿ ಚಳಿಗಾಲದ ಶುರುವಿನಲ್ಲೇ ನದಿ, ಕೆರೆಯಿಂದ ಐಸಿನ ಗಟ್ಟಿಗಳನ್ನು ಗರಗಸದಲ್ಲಿ ಕೊಯ್ದು ತಂದು ಅಂಗಳದಲ್ಲಿ ಒಟ್ಟುತ್ತಾರೆ, ಬೇಕಾದಾಗ ಒಂದೊಂದೇ ಒಳಗೆ ತಂದು ಕರಗಿಸಿದರೆ ಕುಡಿಯುವ ನೀರು. ನೀರು ನಿಧಾನಕ್ಕೆ ಹೆಪ್ಪುಗಟ್ಟುವಾಗ ಉಪ್ಪಿನಂಶವನ್ನು ಹೊರಗೆ ತಳ್ಳುವುದರಿಂದ ಐಸಿನ ನೀರು ಸಿಹಿ. ಮಾಂಸ ಇಡಲು ನೆಲದಡಿ ತೋಡಿದ ನೆಲಮಾಳಿಗೆ ಬೇಸಿಗೆಯಲ್ಲೂ ಫ್ರೀಜರ್ ಆಗಿರುತ್ತದೆ, ಕರೆಂಟು ಬಿಲ್ ಇಲ್ಲ. ಮಾರುಕಟ್ಟೆಯಲ್ಲಿ ಮೀನುಗಳು ಸೌದೆಯ ಹಾಗೆ ಡಬ್ಬಿಯಲ್ಲಿ ನೆಟ್ಟಗೆ ನಿಂತಿರುತ್ತವೆ. ಬೇಗ ಹೆಪ್ಪುಗಟ್ಟಿದ ಮೀನಿನೊಳಗೆ ಐಸ್ ಹರಳುಗಳು ಸಣ್ಣವು, ಮಾಂಸದ ಜೀವಕೋಶ ಹರಿಯುವುದು ಕಡಿಮೆ. ಅದಕ್ಕೇ ಅದನ್ನು ಹಾಗೇ ತೆಳ್ಳಗೆ ಹೆರೆದು, ಉಪ್ಪು ಮೆಣಸು ಹಚ್ಚಿ ಹಸಿಯಾಗಿ ತಿನ್ನುತ್ತಾರೆ. ಲೇನಾ ನದಿಗೆ ಯಾಕುಟ್ಸ್ಕ್ ಹತ್ತಿರ ಸೇತುವೆ ಇಲ್ಲದೆ ಕಾಲ ಕಳೆದಿದ್ದೂ ಚಳಿಯ ದಯೆಯಿಂದಲೇ, ನದಿ ಹೆಪ್ಪುಗಟ್ಟಿದರೆ ಅದೇ ಹೆದ್ದಾರಿ, ಲಾರಿಗಳೂ ಓಡುತ್ತವೆ. ಬೇಸಿಗೆಯಲ್ಲಿ ದೋಣಿ. ಕಷ್ಟ ಇರುವುದು ನಡುವಿನ ವಾರಗಳಲ್ಲಿ, ಐಸ್ ಲಾರಿಯನ್ನು ಹೊರುವಷ್ಟು ಗಟ್ಟಿಯೂ ಇಲ್ಲ, ದೋಣಿ ಬಿಡುವಷ್ಟು ನೀರೂ ಆಗಿಲ್ಲ.

ಬೇಸಿಗೆ ಇದೆಯಾ ಅಂತ ಕೇಳಬಹುದು. ಇದೆ, ಜೋರಾಗೇ ಇದೆ, ಯಾಕುಟ್ಸ್ಕ್‌ನಲ್ಲಿ 38 ಡಿಗ್ರಿ ಮುಟ್ಟಿದ್ದುಂಟು. ಅದೇ ಸೀಮೆಯ ವೆರ್ಖೊಯಾನ್ಸ್ಕ್ ಊರು ಚಳಿಗಾಲದಲ್ಲಿ ಮೈನಸ್ 67ರ ಕೆಳಗೆ ಇಳಿದದ್ದು, 2020ರ ಜೂನ್ 20ರಂದು 38 ಡಿಗ್ರಿ ಕಂಡಿತು. ಆರ್ಕ್ಟಿಕ್ ವೃತ್ತದೊಳಗೆ ಅಷ್ಟು ಬಿಸಿ ದಾಖಲಾದದ್ದು ಅದೇ ಮೊದಲು. ಮರುವರ್ಷ ಕಾಡಿಗೆ ಬಿದ್ದ ಬೆಂಕಿಯ ಹೊಗೆ ಉತ್ತರ ಧ್ರುವದವರೆಗೂ ಹೋಯಿತು. ಕಾಡು ಸುಟ್ಟರೆ ಮರದ ಜೊತೆ ನೆಲದ ಪಾಚಿಯ ಹೊದಿಕೆಯೂ ಹೋಗುತ್ತದೆ, ಬಿಸಿಲು ನೇರ ಮಣ್ಣಿಗೆ ಬೀಳುತ್ತದೆ, ಕೆಳಗಿನ ಐಸ್ ಕರಗುತ್ತದೆ. ಬಟಗಾಯ್ ಊರಿನ ಹತ್ತಿರ ದಶಕಗಳ ಹಿಂದೆ ಮರ ಕಡಿದ ಒಂದು ಇಳಿಜಾರು ಹೀಗೇ ಕುಸಿಯುತ್ತಾ ಹೋಗಿ, ಈಗ ಸುಮಾರು ಒಂದು ಕಿಲೋಮೀಟರ್ ಉದ್ದದ ಕಂದಕವಾಗಿದೆ, ಇನ್ನೂ ಬೆಳೆಯುತ್ತಿದೆ. ಹಳ್ಳಿಗಳಲ್ಲಿ ಹೊಲ, ಅಂಗಳಗಳು ಉಬ್ಬುತಗ್ಗಾಗಿ ಬಿತ್ತಲು ಬಾರದಂತಾಗಿವೆ. ಈ ಕಾಟಕ್ಕೆ ಹೊಂದಿಕೊಳ್ಳಲು ಸಮಯವೂ ಸಿಗುತ್ತಿಲ್ಲ. ಯಾಕುಟ್ ಕುದುರೆಯನ್ನೇ ನೋಡಿ. ಮೈನಸ್ 50ರಲ್ಲೂ ಬಯಲಲ್ಲೇ ನಿಂತು, ಗೊರಸಿನಿಂದ ಹಿಮ ಕೆದರಿ ಹುಲ್ಲು ತಿನ್ನುವ ಗಿಡ್ಡ ಕುದುರೆ ಅದು. 2015ರಲ್ಲಿ ಪ್ರಕಟವಾದ ಅದರ ಜೀನೋಮ್ (ಪೂರ್ತಿ ವಂಶವಾಹಿ) ಅಧ್ಯಯನ, ಆ ಚಳಿಗೆ ಹೊಂದಿಕೊಳ್ಳಲು ಅದು ತೆಗೆದುಕೊಂಡದ್ದು ಬರೀ 800 ವರ್ಷದಷ್ಟು ಎಂದಿತು. ವಿಕಾಸದ ಲೆಕ್ಕದಲ್ಲಿ ಇದು ಮಿಂಚಿನ ವೇಗ. ನೆಲ ಕರಗುತ್ತಿರುವ ವೇಗಕ್ಕೆ ಅದೂ ಸಾಲದು.

ಸಾಖಾ ಗಣರಾಜ್ಯ 2018ರಲ್ಲಿ ಪರ್ಮಾಫ್ರಾಸ್ಟ್ ಕಾಪಾಡಲೆಂದೇ ಒಂದು ಕಾನೂನು ಮಾಡಿತು. ಕಾನೂನಿಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಸಲಿಕೆ ಅಂತ ನನಗನ್ನಿಸುತ್ತದೆ. ಹಿಮದೊಳಗೆ ಗಾಳಿ ಜಾಸ್ತಿ, ಹಾಗಾಗಿ ಅದು ನೆಲಕ್ಕೆ ಕಂಬಳಿ. ಅದರ ಕೆಳಗಿನ ಮಣ್ಣು ಬೆಚ್ಚಗೇ ಉಳಿದುಬಿಡುತ್ತದೆ, ಬೇಸಿಗೆಗೆ ಬೇಗ ಕರಗುತ್ತದೆ. ಕಟ್ಟಡದ ಸುತ್ತಲಿನ ಹಿಮವನ್ನು ಚಳಿಗಾಲದಲ್ಲಿ ಆಗಾಗ ಕೆರೆದು ತೆಗೆದರೆ ಮೈನಸ್ 40ರ ಗಾಳಿ ನೇರ ನೆಲಕ್ಕೆ ತಾಗುತ್ತದೆ. ಅಡಿಪಾಯದ ನೆಲವನ್ನು ಮುಂದಿನ ಬೇಸಿಗೆಗೆ ತಣ್ಣಗಿಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.