ಮರ್ಮಗೋವಾದ ನಾಲ್ಕು ಹಡಗುಗಳು

ಹೋದ ಮಳೆಗಾಲಕ್ಕೆ ಸ್ವಲ್ಪ ಮೊದಲು ಮಂಗಳೂರಿನ ಜೆಪ್ಪುವಿನ ಕಡೆ ಹಳೆಯ ಮನೆಯೊಂದರ ಮಾಡು ಇಳಿಸುತ್ತಿದ್ದರು. ಕೆಲಸದವರು ಕೈಯಿಂದ ಕೈಗೆ ದಾಟಿಸಿ ಗೋಡೆಗೆ ಆನಿಸಿಟ್ಟಿದ್ದ ಹಂಚುಗಳಲ್ಲಿ ಒಂದೆರಡರ ಪಾಚಿ ಕೆರೆದು ನೋಡಿದೆ. ಒಂದರ ಮೇಲೆ ‘ಬಾಸೆಲ್ ಮಿಷನ್’ ಎಂಬ ಅಚ್ಚು, ಇನ್ನೊಂದರ ಮೇಲೆ ‘ಕಾಮನ್‌ವೆಲ್ತ್’. ಬಣ್ಣ ಒಂದೇ, ತೂಕ ಒಂದೇ, ಆವೆಮಣ್ಣೂ ಅದೇ ನೇತ್ರಾವತಿ ದಂಡೆಯದಿರಬೇಕು. ಹೆಸರು ಮಾತ್ರ ಬೇರೆ. ಎರಡು ಹಂಚುಗಳ ನಡುವೆ ಒಂದು ಮಹಾಯುದ್ಧ ಹಾದುಹೋಗಿತ್ತು.

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. 1914ರಲ್ಲಿ ಆ ದೇಶ ಯಾರ ಪಕ್ಷವನ್ನೂ ವಹಿಸಲಿಲ್ಲ. ಆದರೆ 1834ರಿಂದ ಮಂಗಳೂರಿನಲ್ಲಿ ನೆಲೆ ನಿಂತು, ಮುದ್ರಣಾಲಯ ತೆರೆದು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಈ ಮಿಷನ್ನಿನ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನ್ ನಾಡಿನವರು. ಯುದ್ಧ ಶುರುವಾದದ್ದೇ ಬ್ರಿಟಿಷ್ ಸರ್ಕಾರ ಜರ್ಮನರನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿತು. ಕಾರ್ಖಾನೆಗಳು ಸರ್ಕಾರದ ವಶಕ್ಕೆ ಬಂದು, ಯುದ್ಧ ಮುಗಿದ ಬೆನ್ನಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಮಿಷನ್ನಿನ ತವರು ತಟಸ್ಥ ದೇಶದಲ್ಲಿದೆ ಎಂಬ ಮಾತು ಹಂಚಿನ ಅಚ್ಚನ್ನು ಉಳಿಸಲಿಲ್ಲ.

ತಟಸ್ಥ ಎಂದರೆ ತಟದಲ್ಲಿ ನಿಂತವನು. ಹೊಳೆಯಲ್ಲಿ ಯಾರು ಮುಳುಗಿದರೂ ಯಾರು ತೇಲಿದರೂ ತನಗೆ ಸಂಬಂಧವಿಲ್ಲವೆಂದು ದಂಡೆಯ ಮೇಲಿರುವವನು. ಈ ಪದ ಕಟ್ಟಿದವರು ಕಡಲ ತೀರದವರಾಗಿರಲಿಕ್ಕಿಲ್ಲ ಎಂಬುದು ನನ್ನ ಗುಮಾನಿ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಉಳ್ಳಾಲದ ದಂಡೆಯ ಮೇಲೆ ನಿಂತು ನೋಡಿದವರಿಗೆ, ತಟದಲ್ಲಿದ್ದವನೂ ಒದ್ದೆಯಾಗುತ್ತಾನೆ, ಕೆಲವೊಮ್ಮೆ ಕಾಲಡಿಯ ತಟವೇ ಹೋಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಈ ತಟಸ್ಥತೆಯ ಆಟ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು, ಅದೂ ನಮ್ಮ ಮಗ್ಗುಲಲ್ಲೇ. ಮಂಗಳೂರಿಗರಿಗೆ ಪೋರ್ಚುಗಲ್ ಎಂದರೆ ಲಿಸ್ಬನ್ ಅಲ್ಲ, ಗೋವೆ. ಉಳ್ಳಾಲದ ಅಬ್ಬಕ್ಕ ಕಾದಾಡಿದ್ದು ಪೋರ್ಚುಗೀಸರೊಂದಿಗೆ. ಇಲ್ಲಿನ ಕೊಂಕಣಿ ಮಾತಿನ ಎಷ್ಟೋ ಮನೆಗಳ ಹಿರಿಯರು ದಕ್ಷಿಣಕ್ಕೆ ಬಂದದ್ದೂ ಅವರ ಗೋವೆಯಿಂದಲೇ. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಯುದ್ಧ ಸಾರಿದಾಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೂ ಯುದ್ಧದೊಳಗೆ ಬಂತು; ನಮ್ಮನ್ನು ಯಾರೂ ಕೇಳಲಿಲ್ಲ. ಕಾರವಾರದಾಚೆಯ ಗೋವೆ ಮಾತ್ರ ಹೊರಗುಳಿಯಿತು. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ತನ್ನ ದೇಶ ತಟಸ್ಥವೆಂದು ಘೋಷಿಸಿದ್ದ.

ಸಲಜಾರನ ಇಕ್ಕಟ್ಟು ಸಣ್ಣದಾಗಿರಲಿಲ್ಲ. ಇಂಗ್ಲೆಂಡಿನೊಂದಿಗೆ 1373ರಷ್ಟು ಹಳೆಯ ಮೈತ್ರಿ ಒಪ್ಪಂದ ಒಂದೆಡೆ. ಇನ್ನೊಂದೆಡೆ, ಪಕ್ಕದ ಸ್ಪೇನಿನಲ್ಲಿ ಹಿಟ್ಲರನ ನೆರವಿನಿಂದ ಗದ್ದುಗೆಯೇರಿದ ಫ್ರಾಂಕೊ. 1940ರ ಬೇಸಿಗೆ ಮುಗಿಯುವ ಮುನ್ನ ಜರ್ಮನ್ ಸೇನೆ ಸ್ಪೇನಿನ ಗಡಿಯ ಪಿರನೀಸ್ ಬೆಟ್ಟಗಳವರೆಗೆ ಬಂದಿತ್ತು. ಲಿಸ್ಬನ್ ನಿರಾಶ್ರಿತರಿಂದಲೂ ಗೂಢಚಾರರಿಂದಲೂ ತುಂಬಿತು. ಬ್ರಿಟಿಷ್ ವಿಮಾನವೂ ಜರ್ಮನ್ ವಿಮಾನವೂ ಒಂದೇ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಎರಡೂ ಕಡೆಯವರು ಪತ್ರಿಕೆ ಹಂಚಿದರು, ಚಲನಚಿತ್ರ ತೋರಿಸಿದರು, ಔತಣ ಕೊಟ್ಟರು. ಇದೆಲ್ಲ ಮೇಲ್ಮೇಲಿನ ಪೈಪೋಟಿ. ಒಳಗಿನ ಜಗಳ ಒಂದು ಕಪ್ಪು ಕಲ್ಲಿನದು.

ಅದು ವುಲ್‌ಫ್ರಾಮ್, ಅಂದರೆ ಟಂಗ್‌ಸ್ಟನ್‌ನ ಅದಿರು. ಹಳೆಯ ಬಲ್ಬಿನೊಳಗಿನ ತಂತಿಯಾಗಿ ನಾವೆಲ್ಲ ಕಂಡ ಲೋಹ. ಕರಗಬೇಕಾದರೆ 3,400 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಇದನ್ನು ಬೆರೆಸಿದ ಉಕ್ಕು ಕಾದರೂ ಮೆತ್ತಗಾಗದು. ಲೇತ್ ಯಂತ್ರದ ಉಳಿಯ ಮೊನೆಗೂ ಟ್ಯಾಂಕಿನ ಕವಚ ಸೀಳುವ ಗುಂಡಿಗೂ ಅದು ಬೇಕು. 1941ರಲ್ಲಿ ರಷ್ಯಾದ ಮೇಲೆ ದಾಳಿಯಿಟ್ಟ ಮೇಲೆ ಜರ್ಮನಿಗೆ ಚೀನಾದ ಅದಿರು ರೈಲಿನಲ್ಲಿ ಬರುವ ದಾರಿ ಮುಚ್ಚಿತು. ಉಳಿದದ್ದು ಪೋರ್ಚುಗಲ್ ಮತ್ತು ಸ್ಪೇನ್. ಬ್ರಿಟನ್ ಕೂಡ ಕೊಳ್ಳಲು ನಿಂತಿತು. ತನಗೆ ಬೇಕೆಂಬುದಕ್ಕಿಂತ ಎದುರಾಳಿಗೆ ಸಿಗಬಾರದೆಂದು. ಅಡಿಕೆ ಮಂಡಿಯಲ್ಲಿ ಇಬ್ಬರು ವ್ಯಾಪಾರಿಗಳು ಹಟಕ್ಕೆ ಬಿದ್ದರೆ ಧಾರಣೆ ಏನಾಗುತ್ತದೆಂದು ನಮ್ಮವರಿಗೆ ಗೊತ್ತು. ಅಲ್ಲೂ ಹಾಗೇ ಆಯಿತು. ರೈತರು ಹೊಲ ಬಿಟ್ಟು ಗುಡ್ಡ ಅಗೆಯತೊಡಗಿದರು. ರಾತ್ರಿ ಕಳ್ಳಸಾಗಣೆ ನಡೆಯಿತು. ಸಲಜಾರ್ ಇಬ್ಬರಿಗೂ ಪಾಲು ಗೊತ್ತುಪಡಿಸಿ ಮಾರಿದ. ಜರ್ಮನಿಯ ಹಣದ ಜೊತೆಗೆ ಚಿನ್ನವೂ ಲಿಸ್ಬನ್‌ಗೆ ಬಂತು. ಆ ಚಿನ್ನ ಯಾರದ್ದೆಂಬ ತಕರಾರು ಯುದ್ಧ ಮುಗಿದ ಮೇಲೂ ಬಹಳ ಕಾಲ ನಡೆಯಿತು. ಸ್ವೀಡನ್ನಿಗೆ ಕಬ್ಬಿಣದ ಅದಿರು, ಟರ್ಕಿಗೆ ಕ್ರೋಮ್ ಇದೇ ಬಗೆಯ ರಕ್ಷಾಕವಚವಾಗಿದ್ದವು.

ಇನ್ನು ಗೋವೆ. ಯುದ್ಧ ಶುರುವಾದಾಗ ಅರಬ್ಬಿ ಸಮುದ್ರದಲ್ಲಿದ್ದ ಜರ್ಮನ್ ವ್ಯಾಪಾರಿ ಹಡಗುಗಳು ಬ್ರಿಟಿಷರ ಕೈಗೆ ಸಿಕ್ಕದಿರಲು ಮರ್ಮಗೋವಾ ಬಂದರಿಗೆ ಓಡಿದವು: ಎರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್. ಜೊತೆಗೆ ಇಟಲಿಯ ಆನ್ಫೋರಾ. ವರ್ಷಗಟ್ಟಲೆ ಅವು ಅಲ್ಲೇ ಲಂಗರು ಹಾಕಿ ತುಕ್ಕು ಹಿಡಿದವು. ಹೊರಗೆ ಬಂದರೆ ಬ್ರಿಟಿಷ್ ನೌಕಾಪಡೆ. ಒಳಗಿದ್ದರೆ ಪೋರ್ಚುಗೀಸ್ ಕಾನೂನಿನ ನೆರಳು. ಆದರೆ ಎರೆನ್‌ಫೆಲ್ಸ್‌ನಲ್ಲಿ ಗುಟ್ಟಿನ ರೇಡಿಯೊ ಇದೆ, ಮಿತ್ರಪಕ್ಷದ ಹಡಗುಗಳ ಓಡಾಟದ ಸುಳಿವು ಅಲ್ಲಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆ ಎಂದು ಬ್ರಿಟಿಷ್ ಬೇಹುಗಾರಿಕೆಯವರು ನಂಬಿದರು. ಆ ರೇಡಿಯೊ ನಿಜಕ್ಕೂ ಅಷ್ಟು ಹಾನಿ ಮಾಡಿತ್ತೇ ಎಂಬ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ.

ತಟಸ್ಥ ಬಂದರಿಗೆ ಯುದ್ಧನೌಕೆ ಕಳಿಸುವಂತಿರಲಿಲ್ಲ. ಹಾಗಾಗಿ ಕಲ್ಕತ್ತಾದ ವ್ಯಾಪಾರಿ ಕಚೇರಿಗಳಲ್ಲಿ ಲೆಕ್ಕ ಬರೆದುಕೊಂಡಿದ್ದ, ಬಿಡುವಿನಲ್ಲಿ ಕುದುರೆಯೇರುತ್ತಿದ್ದ ನಡುವಯಸ್ಸಿನ ಬಿಳಿಯರನ್ನು ಹುಡುಕಿದರು. ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ಎಂಬ ಮೀಸಲು ಪಡೆಗಳಿಂದ ಒಂದು ಸಣ್ಣ ತಂಡ ರೈಲಿನಲ್ಲಿ ಕೊಚ್ಚಿಗೆ ಬಂತು. ಅಲ್ಲಿ ಅವರು ಹತ್ತಿದ್ದು ಕಲ್ಕತ್ತಾದಿಂದ ಸುತ್ತು ಹಾಕಿ ಬಂದಿದ್ದ, ಹೂಳು ಸಾಗಿಸುವ ‘ಫೀಬಿ’ ಎಂಬ ದೋಣಿ. ಕೊಚ್ಚಿಯಿಂದ ಮರ್ಮಗೋವಾಕ್ಕೆ ಕಡಲ ದಾರಿ ನಮ್ಮ ಎದುರಿನಿಂದಲೇ: ಕಾಸರಗೋಡು, ಮಂಗಳೂರು, ಮಲ್ಪೆ, ಕಾರವಾರ. ಬಲೆ ಹಾಕಲು ಹೊರಟ ಮೊಗವೀರರ ಕಣ್ಣಿಗೆ ಬಿದ್ದಿದ್ದರೂ ಹೂಳೆತ್ತುವ ದೋಣಿಯಲ್ಲವೇ ಎಂದು ಬಿಟ್ಟುಬಿಡುತ್ತಿದ್ದರು. ಅದನ್ನು ಆರಿಸಿದ್ದೇ ಅದಕ್ಕಾಗಿ.

ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ವಿಭೂತಿ ಬುಧವಾರ 1943ರಲ್ಲಿ ಬಿದ್ದದ್ದು ಮಾರ್ಚ್ 10ಕ್ಕೆ. ಅದರ ಹಿಂದಿನ ದಿನಗಳಲ್ಲಿ ಗೋವೆ ಕಾರ್ನಿವಲ್ ಗುಂಗಿನಲ್ಲಿರುತ್ತದೆ. ಆ ವರ್ಷದ ಮಾರ್ಚ್ 9ರಂದು, ಕತ್ತಲಿರುವಾಗಲೇ, ಫೀಬಿ ಎರೆನ್‌ಫೆಲ್ಸ್‌ಗೆ ತಾಗಿ ನಿಂತಿತು. ಹೊಡೆದಾಟದಲ್ಲಿ ಆ ಜರ್ಮನ್ ಹಡಗಿನ ಕಪ್ತಾನ ಸತ್ತ. ರೇಡಿಯೊ ದಾಳಿಕೋರರ ವಶವಾಯಿತು. ಜರ್ಮನ್ ಖಲಾಸಿಗಳು ತಮ್ಮ ಹಡಗಿಗೆ ತಾವೇ ನೀರು ನುಗ್ಗಿಸಿದರು. ಅದನ್ನು ಕಂಡು ಉಳಿದ ಮೂರು ಹಡಗುಗಳವರೂ ಹಾಗೆಯೇ ಮಾಡಿದರು. ಬೆಳಗಾಗುವ ಮೊದಲೇ ಫೀಬಿ ಮಾಯವಾಗಿತ್ತು. ಸಮವಸ್ತ್ರವಿಲ್ಲದೆ ಹೋದ ಆ ತಂಡಕ್ಕೆ ಪದಕ ಸಿಗಲಿಲ್ಲ, ಮಾತಾಡುವ ಹಕ್ಕೂ ಸಿಗಲಿಲ್ಲ. ಸಂಗತಿ ಬಹಿರಂಗವಾದದ್ದು 1978ರಲ್ಲಿ.

ಏಳೇ ತಿಂಗಳ ನಂತರ ಅದೇ ಬಂದರು ಇನ್ನೊಂದು ನೋಟ ಕಂಡಿತು. 1943ರ ಅಕ್ಟೋಬರಿನಲ್ಲಿ ಜಪಾನಿನ ತೇಯಾ ಮಾರು ಮತ್ತು ಸ್ವೀಡನ್ನಿನ ಗ್ರಿಪ್ಸ್‌ಹೋಲ್ಮ್ ಹಡಗುಗಳು ಮರ್ಮಗೋವಾದಲ್ಲಿ ನಿಂತು ಸೆರೆ ನಾಗರಿಕರನ್ನು ಅದಲು ಬದಲು ಮಾಡಿಕೊಂಡವು. ಜಪಾನಿನ ಹಿಡಿತದಲ್ಲಿದ್ದ ಸುಮಾರು ಒಂದೂವರೆ ಸಾವಿರ ಜನ, ಹೆಚ್ಚಿನವರು ಅಮೆರಿಕನ್ನರು, ಒಂದರಿಂದಿಳಿದು ಇನ್ನೊಂದನ್ನು ಹತ್ತಿದರು. ಮಾರ್ಚಿನಲ್ಲಿ ಅಡ್ಡಿಯಾಗಿದ್ದ ತಟಸ್ಥತೆ ಅಕ್ಟೋಬರಿನಲ್ಲಿ ಎಲ್ಲರಿಗೂ ಬೇಕಾಯಿತು.

ಅದೇ ತಿಂಗಳು ಬ್ರಿಟಿಷ್ ಪಡೆ ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿ ಇಳಿಯಿತು, ಇದು ಸಲಜಾರನ ಒಪ್ಪಿಗೆಯಿಂದಲೇ. ಚರ್ಚಿಲ್ ಸಂಸತ್ತಿನಲ್ಲಿ 1373ರ ಒಪ್ಪಂದವನ್ನು ಓದಿ ಹೇಳಿದ. ಗಾಳಿ ಯಾವ ಕಡೆ ತಿರುಗಿದೆಯೆಂದು ಸಲಜಾರ್ ಅಷ್ಟರಲ್ಲಿ ಅರಿತಿದ್ದ. 1944ರ ಜೂನ್‌ನಲ್ಲಿ ವುಲ್‌ಫ್ರಾಮ್ ರಫ್ತನ್ನು ಪೂರ್ತಿ ನಿಲ್ಲಿಸಿದ. ಆದರೂ ಹಿಟ್ಲರ್ ಸತ್ತಾಗ ಸರ್ಕಾರಿ ಕಟ್ಟಡಗಳ ಬಾವುಟ ಅರ್ಧಕ್ಕಿಳಿಸಿದ. ತಟಸ್ಥನಿಗೆ ಶಿಷ್ಟಾಚಾರ ಬಿಡಲಾಗದಂತೆ! ಮಾರಲು ವುಲ್‌ಫ್ರಾಮ್‌ನಂಥದ್ದೇನೂ ಇಲ್ಲದ, ಆಸ್ಟ್ರೇಲಿಯಾದ ಉತ್ತರಕ್ಕಿರುವ ಪೋರ್ಚುಗೀಸ್ ತಿಮೋರ್‌ಗೆ ಈ ಸೌಭಾಗ್ಯವಿರಲಿಲ್ಲ. ಅಲ್ಲಿಗೆ 1941ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಮತ್ತು ಡಚ್ ಪಡೆಗಳು ಕೇಳದೆ ಇಳಿದವು. ಎರಡು ತಿಂಗಳಲ್ಲಿ ಜಪಾನ್ ನುಗ್ಗಿತು. ಸಾವಿರಾರು ಜನ ಸತ್ತರು.

ಗೋವೆಯ ಸರದಿ 1961ರ ಡಿಸೆಂಬರಿನಲ್ಲಿ ಬಂತು. ಭಾರತದ ಸೇನೆ ಗಡಿಗೆ ಬಂದಾಗ ಸಲಜಾರ್ ಲಂಡನ್ನಿಗೆ ಹಳೆಯ ಮೈತ್ರಿಯನ್ನು ನೆನಪಿಸಿದ. ಅಜೋರ್ಸ್ ಬೇಕಾದಾಗ ಚರ್ಚಿಲ್ ಎತ್ತಿ ಓದಿದ್ದ ಮೈತ್ರಿ ಅದು. ಕಾಮನ್‌ವೆಲ್ತ್ ಸದಸ್ಯ ದೇಶದ ವಿರುದ್ಧ ತಾನು ಏನೂ ಮಾಡಲಾರೆನೆಂದು ಬ್ರಿಟನ್ ಕೈಯೆತ್ತಿತು. ಪೋರ್ಚುಗಲ್‌ನ ಒಂಟಿ ಯುದ್ಧನೌಕೆ ಅಫೊನ್ಸೊ ದ ಅಲ್ಬುಕರ್ಕ್ ಮರ್ಮಗೋವಾದ ಅದೇ ನೀರಿನಲ್ಲಿ ಗುಂಡು ತಿಂದು ದಡಕ್ಕೆ ಹತ್ತಿ ಕುಳಿತಿತು.