ಪಹಣೀಲಿ ತಾತ, ಹೊಲದಲ್ಲಿ ಮೊಮ್ಮಗ, ಪರಿಹಾರ ಯಾರಿಗೆ?

ರೈತ ಸಂಪರ್ಕ ಕೇಂದ್ರದಲ್ಲಿ ಕೂತಿರೋ ನಂಗೆ ದಿನಾ ಬರೋ ಪ್ರಶ್ನೆ ಒಂದೇ, "ಸಾರ್, ಪಕ್ಕದ್ ಹೊಲದೋನಿಗೆ ಬೆಳೆ ಪರಿಹಾರದ ದುಡ್ಡು ಬಂದೈತೆ, ನಂಗ್ಯಾಕೆ ಬಂದಿಲ್ಲ?" ಏನೋ ತಿಂದಿದೀರ ಅಂತ ಬಾಯ್ಬಿಟ್ಟು ಹೇಳಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ. ನಾನು ಮೊದ್ಲು ಕೇಳೋದು ಪಹಣಿ. 9ನೇ ಕಾಲಂನಲ್ಲಿ ಯಾರ ಹೆಸ್ರಿದ್ಯೋ ಅವ್ರೇ ಸರ್ಕಾರದ ಲೆಕ್ಕದಲ್ಲಿ ರೈತರು, ಉತ್ತಿದ್ದು ಬಿತ್ತಿದ್ದು ಯಾರಾದ್ರೂ ಆಗಿರ್ಲಿ.

2023ರ ಬರದಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದಾಗ ಒಬ್ಬ ಹುಡ್ಗ ಬಂದಿದ್ದ, ನಾಲ್ಕು ಎಕರೆ ಮಳೆಯಾಶ್ರಿತ ಶೇಂಗಾ ಪೂರ್ತಿ ಒಣಗಿತ್ತು, ಪಹಣಿ ನೋಡಿದ್ರೆ ತಾತನ ಹೆಸ್ರು, ತಾತ ಹೋಗಿ ಇಪ್ಪತ್ತು ವರ್ಷ ಆಗಿದೆ, ಸತ್ತೋರ ಹೆಸ್ರಲ್ಲಿ ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದಲ್ಲಿ ರೈತರ ನೋಂದಣಿ ನಂಬರ್, ಹೆಂಗ್ ಮಾಡೋದು? ಪೌತಿ ಖಾತೆ ಮಾಡ್ಸಪ್ಪ, ಸತ್ತೋರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಬದಲಾಯ್ಸು ಅಂದೆ. ಮರಣ ಪತ್ರ, ವಂಶವೃಕ್ಷ ಎಲ್ಲಾ ಸರಿ ಸಾರ್, ಆದ್ರೆ ಮೂರು ಜನ ಅತ್ತೆಯರಿದಾರೆ, ಸೈನ್ ಕೇಳಕ್ಕೋದ್ರೆ ಭಾಗದ ಮಾತು ಬರುತ್ತೆ ಅಂದ. ನಿಜ, ಹೆಣ್ಮಕ್ಕಳಿಗೂ ಹಕ್ಕಿದೆ, ಅದನ್ನ ಮುಚ್ಚಿಡಕ್ಕೆ ಎಷ್ಟೋ ಮನೆಗಳಲ್ಲಿ ಪಹಣಿ ಹಂಗೇ ಬಿಟ್ಟಿದಾರೆ, ಪರಿಹಾರ ಬಂದಾಗ ಮಾತ್ರ ನಮ್ ಮೇಲೆ ಸಿಟ್ಟು.

ಕೋರಿಗೆ, ಅಂದ್ರೆ ಬೇರೆಯವ್ರ ಹೊಲ ಪಾಲಿಗೆ ಮಾಡೋರ ಕಥೆ ಇನ್ನೂ ಕಷ್ಟ. 1974ರ ಭೂಸುಧಾರಣೆ ಆದ್ಮೇಲೆ ಜಮೀನು ಗೇಣಿಗೆ ಕೊಡೋದಕ್ಕೇ ನಿರ್ಬಂಧ ಇರೋದ್ರಿಂದ ಎಲ್ಲಾ ಬಾಯ್ಮಾತಲ್ಲೇ ನಡಿಯುತ್ತೆ, ಕಾಗದ ಇಲ್ಲ. ಬೀಜ ಗೊಬ್ಬರದ ಸಾಲ ಇವ್ನದು, ಪರಿಹಾರ ಬೆಂಗಳೂರಲ್ಲಿರೋ ಮಾಲೀಕನ ಖಾತೆಗೆ. ಅರ್ಧ ಕಳ್ಸಿದ ಮಾಲೀಕರನ್ನೂ ನೋಡಿದೀನಿ, ಬೆರಳೆಣಿಕೆ.

ಇನ್ನೊಂದು ಗೊಂದಲ ಅಂದ್ರೆ ಎರಡು ಬೇರೆ ಬೇರೆ ದುಡ್ಡನ್ನ ಒಂದೇ ಅಂದ್ಕೊಳೋದು. ಪಿಎಂ ಕಿಸಾನ್‌ದು ವರ್ಷಕ್ಕೆ 6,000, ಮೂರು ಕಂತು, ಬೆಳೆ ಬಂದ್ರೂ ಹೋದ್ರೂ ಅಷ್ಟೇ, ಒಂದು ಗುಂಟೆ ಇದ್ರೂ ಹತ್ತು ಎಕರೆ ಇದ್ರೂ ಅಷ್ಟೇ. ಆದ್ರೆ ಅದಕ್ಕೆ 2019 ಫೆಬ್ರವರಿ 1 ಅಂತ ಕಟ್ ಆಫ್ ಇಟ್ಟಿದಾರೆ, ಆಮೇಲೆ ಕೊಂಡ್ಕೊಂಡ ಜಮೀನು ಲೆಕ್ಕಕ್ಕಿಲ್ಲ, ಅಪ್ಪ ತೀರ್ಕೊಂಡು ಮಗನ ಹೆಸ್ರಿಗೆ ಬಂದಿದ್ರೆ ಆಗುತ್ತೆ. ಬೆಳೆ ಪರಿಹಾರ ಹಂಗಲ್ಲ, ಶೇಕಡಾ 33ಕ್ಕಿಂತ ಕಮ್ಮಿ ಹಾಳಾಗಿದ್ರೆ ಏನೂ ಇಲ್ಲ, ವಿಪತ್ತು ನಿಧಿಯ 2022-26ರ ಲೆಕ್ಕದಲ್ಲಿ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅದೂ ಎರಡು ಹೆಕ್ಟೇರ್‌ವರ್ಗೆ ಮಾತ್ರ. 8,500ನ ಗುಂಟೆ ಲೆಕ್ಕಕ್ಕೆ ಇಳಿಸಿ ನೋಡಿ, ಸುಮಾರು 86 ರೂಪಾಯಿ! ನಾಲ್ಕು ಜನ ಅಣ್ತಮ್ಮಂದಿರ ಜಂಟಿ ಖಾತೆ ಆದ್ರೆ ಅದ್ರಲ್ಲೂ ಪಾಲು. ಇಷ್ಟೇನಾ ಅಂತ ಕೇಳ್ತಾರೆ, ಹೂಂ ಇಷ್ಟೇ ಅಂತೀನಿ.

ಬೆಳೆ ಸಮೀಕ್ಷೆ ಆ್ಯಪಲ್ಲಿ ನಿಮ್ ಸರ್ವೆ ನಂಬರಿಗೆ ಏನು ಹಾಕಿದಾರೆ ಅಂತನೂ ಆ ಹಂಗಾಮಲ್ಲೇ ನೋಡ್ಕೊಳಿ, ಶೇಂಗಾ ಇರೋ ಹೊಲ ಪಾಳು ಅಂತ ನಮೂದಾಗಿದ್ರೆ ಆಕ್ಷೇಪಣೆ ಕೊಡೋ ದಿನ ಮುಗಿಯೋ ಮುಂಚೆ ಬನ್ನಿ.

ಪಹಣಿ, ಐಡಿ, ಸಮೀಕ್ಷೆ ಎಲ್ಲಾ ಸರಿ ಇದ್ದೂ ದುಡ್ಡು ಕಾಣ್ತಿಲ್ಲ ಅಂದ್ರೆ ಆಧಾರ್ ಕೊನೇಲಿ ಯಾವ ಬ್ಯಾಂಕಿಗೆ ಜೋಡಣೆ (ಮ್ಯಾಪ್) ಆಗಿದೆ ನೋಡ್ಸಿ, ದುಡ್ಡು ಅಲ್ಲಿಗೇ ಹೋಗೋದು. ಒಬ್ಬ ಅಜ್ಜಿ ಒಂದು ವರ್ಷ ನನ್ನ ಬೈಕೊಂಡು ಓಡಾಡಿದ್ರು. ಯಾವಾಗ್ಲೋ ಸಂಘದ ಸಾಲಕ್ಕೆ ಅಂತ ಮಾಡ್ಸಿ ಮರೆತಿದ್ದ ಖಾತೆಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕ್ಸಿದ್ರೆ ಪಿಎಂ ಕಿಸಾನ್‌ನ ಮೂರೂ ಕಂತು ಅಲ್ಲೇ ಬಿದ್ದಿತ್ತು.