ಸೋತ ಬ್ಯಾಟರಿ, ಉಬ್ಬಿದ ವೋಲ್ಟೇಜ್

ಬ್ಯಾಟರಿ ಸೋತಾಗ ಟಾರ್ಚ್ ಮಂಕಾಗುತ್ತದೆ, ಗಡಿಯಾರ ನಿಲ್ಲುತ್ತದೆ. ವೋಲ್ಟೇಜ್, ಕರೆಂಟ್, ರೋಧ ಮೂರನ್ನೂ ಅಳೆಯುವ ಡಿಜಿಟಲ್ ಮಲ್ಟಿಮೀಟರಿನ ದಾರಿಯೇ ಬೇರೆ. ಅಂಕಿಗಳು ಸ್ಪಷ್ಟವಾಗಿ ಮೂಡುತ್ತಲೇ ಇರುತ್ತವೆ, ಆದರೆ ತಪ್ಪಾಗಿ. ವಿಚಿತ್ರವೆಂದರೆ ಅನೇಕ ಮೀಟರ್‌ಗಳಲ್ಲಿ ಬ್ಯಾಟರಿ ಇಳಿದಷ್ಟೂ ವೋಲ್ಟೇಜಿನ ಅಂಕಿ ಏರುತ್ತದೆ.

9 ವೋಲ್ಟ್ ಬ್ಯಾಟರಿಯ ಅಗ್ಗದ ಮೀಟರ್‌ಗಳಲ್ಲಿ ಅನೇಕವು ಐಸಿಎಲ್ 7106 ಚಿಪ್ ಅಥವಾ ಅದರ ವಂಶದ ಇನ್ನೊಂದನ್ನು ಬಳಸುತ್ತವೆ. ಈ ಚಿಪ್ ಒಳಬಂದ ವೋಲ್ಟೇಜನ್ನು ತನ್ನಲ್ಲಿರುವ ಆಧಾರ ವೋಲ್ಟೇಜಿನಿಂದ ಭಾಗಿಸಿ ತೋರಿಸುತ್ತದೆ. ಆಧಾರ ಸಾಮಾನ್ಯವಾಗಿ 100 ಮಿಲಿವೋಲ್ಟ್. ಬ್ಯಾಟರಿ ಸುಮಾರು 7 ವೋಲ್ಟ್‌ಗಿಂತ ಕೆಳಗೆ ಹೋದರೆ ಆಧಾರವೂ ಕುಸಿಯತೊಡಗುತ್ತದೆ, ಚಿಪ್‌ಗೆ ಅದು ತಿಳಿಯುವುದಿಲ್ಲ. ಭಾಜಕ ಕಿರಿದಾದರೆ ಭಾಗಲಬ್ಧ ಹಿರಿದಾಗಲೇಬೇಕಲ್ಲ? ಆಧಾರ ಶೇ. 10ರಷ್ಟು ಕುಸಿದರೆ 12.6 ವೋಲ್ಟಿನ ಕಾರ್ ಬ್ಯಾಟರಿ 14 ವೋಲ್ಟ್ ಎಂದು ಕಾಣುತ್ತದೆ. 14 ಎಂಬುದು ಎಂಜಿನ್ ಓಡುತ್ತ ಚಾರ್ಜ್ ಆಗುವಾಗಿನ ಅಂಕಿ. ನಿಂತ ಗಾಡಿಯಲ್ಲಿ ಅದು ಕಂಡರೆ ಮೊದಲು ಮೀಟರನ್ನೇ ಅನುಮಾನಿಸಬೇಕು.

ಅದೇ ಮೀಟರ್ ರೋಧ ಅಳೆಯುವ ಓಮ್ ರೇಂಜಿನಲ್ಲಿ ಸರಿಯಾಗಿಯೇ ಇರಬಹುದು. ಅಲ್ಲಿ ಗೊತ್ತಿರುವ ಒಂದು ರೆಸಿಸ್ಟರ್, ಅಳೆಯಬೇಕಾದ ರೆಸಿಸ್ಟರ್ ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಚಿಪ್ ಎರಡರ ಮೇಲಿನ ವೋಲ್ಟೇಜನ್ನು ಹೋಲಿಸುತ್ತದೆ. ಕರೆಂಟ್ ತಗ್ಗಿದರೆ ಎರಡೂ ಒಟ್ಟಿಗೆ ತಗ್ಗುತ್ತವೆ, ಅನುಪಾತ ಅಲುಗುವುದಿಲ್ಲ. ಹಾಗಾಗಿ ರೆಸಿಸ್ಟರ್ ಅಳೆದು ನೋಡಿ ‘ಮೀಟರ್ ಸರಿಯಿದೆ’ ಎನ್ನುವವರ ಮಾತನ್ನು ವೋಲ್ಟೇಜಿನ ವಿಷಯದಲ್ಲಿ ನಂಬಬೇಡಿ.

ಮುಳ್ಳಿನ ಹಳೆಯ ಮೀಟರ್ ಇದಕ್ಕೆ ತದ್ವಿರುದ್ಧ. ವೋಲ್ಟ್, ಆಂಪಿಯರ್ ಅಳೆಯಲು ಅದಕ್ಕೆ ಬ್ಯಾಟರಿಯೇ ಬೇಡ, ಅಳೆಯುವ ಸರ್ಕ್ಯೂಟಿನ ಶಕ್ತಿಯಿಂದಲೇ ಮುಳ್ಳು ಏಳುತ್ತದೆ. ಬ್ಯಾಟರಿ ಬೇಕಾಗುವುದು ಓಮ್‌ಗೆ ಮಾತ್ರ. ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ, ಸೊನ್ನೆ ಹೊಂದಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಮುಳ್ಳು ಸೊನ್ನೆ ಮುಟ್ಟದಿದ್ದರೆ ಒಳಗಿನ 1.5 ವೋಲ್ಟ್ ಸೆಲ್ ಸೋತಿದೆ.

ಡಿಜಿಟಲ್ ಮೀಟರಿಗೆ ಹೊಸ ಬ್ಯಾಟರಿ ಹಾಕಿದರೂ ಪರದೆಯ ಮೇಲೆ ‘ಬ್ಯಾಟರಿ ಸೋತಿದೆ’ ಎನ್ನುವ ಚಿಹ್ನೆ ಹೋಗದಿದ್ದರೆ? ಹಾಕಿದ್ದು ರೀಚಾರ್ಜ್ ಮಾಡುವಂಥದ್ದೋ ಎಂದು ನೋಡಿ. ‘9 ವೋಲ್ಟ್’ ಎಂದು ಮಾರುವ ನಿಕಲ್ ಬ್ಯಾಟರಿಗಳಲ್ಲಿ ಕೆಲವು 1.2 ವೋಲ್ಟಿನ ಆರು ಸೆಲ್‌ಗಳಷ್ಟೇ, ಒಟ್ಟು 7.2. ಅಲ್ಲವಾದರೆ ಕ್ಲಿಪ್ ಸಡಿಲವಾಗಿರಬಹುದು, ಇಲ್ಲವೇ ಕಿಲುಬು ಹಿಡಿದಿರಬಹುದು. ಆಲ್ಕಲೈನ್ ಸೆಲ್ ಸೋರಿದಾಗ ಹೊರಬರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಪುಡಿಯಾಗುತ್ತದೆ. ಕೈಗವಸು ಹಾಕಿಕೊಂಡು, ಹತ್ತಿಕಡ್ಡಿಯಲ್ಲಿ ತುಸು ವಿನಿಗರ್ ಹಚ್ಚಿ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುಚಿಮಾಡಿ ಒಣಗಿಸಬೇಕು. ವೈರಿನ ತಾಮ್ರವೇ ಕಪ್ಪಾಗಿದ್ದರೆ ತಿಕ್ಕುತ್ತ ಕೂರದೆ ಕ್ಲಿಪ್ಪನ್ನೇ ಬದಲಿಸಿ.

ಬ್ಯಾಟರಿಯನ್ನು ಬೇರೆ ಮೀಟರಿನಿಂದ ಅಳೆದು 9 ಕಂಡಿತೆಂದು ಸಮಾಧಾನಪಡುವಂತಿಲ್ಲ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್; ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. 470 ಓಮ್ ರೆಸಿಸ್ಟರನ್ನು ಅಡ್ಡ ಹಾಕಿ ಸುಮಾರು 19 ಮಿಲಿಆಂಪಿಯರ್ ಎಳೆದಾಗಲೂ ವೋಲ್ಟೇಜ್ ನಿಂತರೆ ಅದು ನಿಜವಾದ ಜೀವ. ಮೀಟರ್ ಬೀಪ್ ಸದ್ದು ಮಾಡುವಾಗ ಅದರ ಪರದೆ ಮಸುಕಾಗುವುದೂ ಸೋಲಿನ ಗುರುತೇ.

ಕರೆಂಟ್ ರೇಂಜ್ ಒಂದೇ ಕೆಲಸ ಮಾಡದಿದ್ದರೆ ಬ್ಯಾಟರಿಯನ್ನು ಬಿಟ್ಟು ಫ್ಯೂಸ್ ನೋಡಿ. ಏನನ್ನೇ ನೋಡುವುದಾದರೂ ಮುಚ್ಚಳ ತೆಗೆಯುವ ಮೊದಲು ಪ್ರೋಬ್‌ಗಳನ್ನು ಸರ್ಕ್ಯೂಟಿನಿಂದಲೂ ಮೀಟರಿನಿಂದಲೂ ಕಿತ್ತಿಡಲೇಬೇಕು.

ವೈರಿನ ನಿರೋಧಕ ಹೊದಿಕೆ (ಇನ್ಸುಲೇಷನ್) ಸರಿಯಿದೆಯೇ ಎಂದು ಪರೀಕ್ಷಿಸುವ, ಮೆಗ್ಗರ್ ಎಂದೇ ಹೆಸರಾದ ಇನ್ಸುಲೇಷನ್ ಟೆಸ್ಟರಿನ ಪಾಡು ಇನ್ನೂ ಕಠಿಣ. ಕೆಲವೇ ಸೆಲ್‌ಗಳಿಂದ 500 ಅಥವಾ 1000 ವೋಲ್ಟ್ ಎಬ್ಬಿಸುವ ಆ ಮೀಟರ್, ಗುಂಡಿ ಒತ್ತಿದಾಗಷ್ಟೇ ಭಾರ ಹೊರುತ್ತದೆ. ಕೇಬಲ್ಲಿನ ಇನ್ಸುಲೇಷನ್ ಕೆಟ್ಟಷ್ಟೂ ಆ ಭಾರ ಹೆಚ್ಚು. ಆದ್ದರಿಂದ ಅದರ ಬ್ಯಾಟರಿ ಚಿಹ್ನೆಯನ್ನು ಸುಮ್ಮನಿರುವಾಗಲ್ಲ, ಗುಂಡಿ ಒತ್ತಿ ಹಿಡಿದಿರುವಾಗ ನೋಡಬೇಕು.